ಬೀಟೆಯ ನಾದಕ್ಕೆ ಬದಲಿ ಉಂಟೇ?

ಪ್ರಶ್ನೆ: ಊದಿ ನುಡಿಸುವ ಕ್ಲಾರಿನೆಟ್, ಮರದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ಮರಿಂಬಾ ಮೊದಲಾದ ವಾದ್ಯಗಳಿಗೆ ಬೇಕಾಗುವ ಮರಗಳು ಅಳಿವಿನ ಹಾದಿ ಹಿಡಿದಿವೆ ಎನ್ನುತ್ತಾರೆ. ಹಾಗಿದ್ದರೆ ಇಂದಿನ ಪಾಶ್ಚಾತ್ಯ ಶಾಸ್ತ್ರೀಯ ಸಂಯೋಜಕರು ಆ ವಾದ್ಯಗಳಿಗೆ ಹೊಸ ಕೃತಿಗಳನ್ನು ಬರೆಯುವುದನ್ನು ನಿಲ್ಲಿಸಬೇಕಲ್ಲವೇ?

ಉತ್ತರ: ಮಾಟುಂಗಾದಿಂದಲೂ ಡೊಂಬಿವಲಿಯಿಂದಲೂ ನರಿಮನ್ ಪಾಯಿಂಟಿನ ಎನ್‌ಸಿಪಿಎ ಎಂಬ ಕಲಾಕೇಂದ್ರಕ್ಕೆ ಹೋಗಿ ಸಿಂಫನಿ ಕೇಳಿಬರುವ ಮುಂಬಯಿ ಕನ್ನಡಿಗರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ನಿಲ್ಲಿಸಬೇಕಾಗಿಲ್ಲ ಎಂಬುದು ನನ್ನ ಉತ್ತರ. ಆದರೆ ಯಾವ ಮರದ ಯಾವ ನಾದವೇ ಆಗಬೇಕೆಂದು ಸಂಯೋಜಕರು ಪಟ್ಟು ಹಿಡಿಯುತ್ತಾರೆ ಎಂಬುದು ಕಾಡಿಗೂ ತಟ್ಟುವ ಸಂಗತಿ.

ಮಲೆನಾಡಿನ ಹಳೆಯ ಮನೆಗಳ ಮಂಚ, ಕಪಾಟುಗಳಿಂದ ನಮಗೆ ಪರಿಚಿತವಾದ ಬೀಟೆ, ತಬಲಾಕ್ಕೆ ಬಳಸುವ ಶೀಶಮ್, ಕ್ಲಾರಿನೆಟ್ ಮತ್ತು ಓಬೋ ಎಂಬ ಊದುವಾದ್ಯಗಳಿಗೆ ಬೇಕಾದ ಆಫ್ರಿಕಾದ ಬ್ಲ್ಯಾಕ್‌ವುಡ್, ಮರಿಂಬಾದ ಪಟ್ಟಿಗಳಿಗೆ ಬಳಸುವ ಮಧ್ಯ ಅಮೆರಿಕದ ಹೊಂಡುರಾಸ್ ರೋಸ್‌ವುಡ್, ಇವೆಲ್ಲ ಡಾಲ್ಬರ್ಜಿಯಾ ಎಂಬ ಒಂದೇ ಕುಲಕ್ಕೆ ಸೇರಿದವು. ಮುಖ್ಯವಾಗಿ ಚೀನಾದ ಪೀಠೋಪಕರಣ ಮಾರುಕಟ್ಟೆಯ ಬೇಡಿಕೆಯಿಂದ ಈ ಮರಗಳ ಕಳ್ಳಸಾಗಣೆ ಮಿತಿಮೀರಿದಾಗ, ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವು 2017ರ ಜನವರಿಯಿಂದ ಇಡೀ ಕುಲದ ವ್ಯಾಪಾರವನ್ನು ನಿಯಂತ್ರಣಕ್ಕೆ ಒಳಪಡಿಸಿತು. 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. 1992ರಿಂದಲೇ ಕಟ್ಟುನಿಟ್ಟಿನ ನಿರ್ಬಂಧದಲ್ಲಿರುವ ಬ್ರೆಜಿಲ್ ರೋಸ್‌ವುಡ್ಡಿಗೆ ಮಾತ್ರ ಅದು ಅನ್ವಯಿಸಲಿಲ್ಲ. ಈ ವಿನಾಯಿತಿ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ, ಏಕೆಂದರೆ ಒಂದು ಮಂಚಕ್ಕೆ ತಗಲುವ ಮರದ ಮುಂದೆ ಒಂದು ಕ್ಲಾರಿನೆಟ್ಟಿಗೆ ತಗಲುವುದು ಏನೇನೂ ಅಲ್ಲ.

ಹಾಗೆಂದು ವಾದ್ಯಲೋಕ ಪೂರ್ತಿ ನಿರ್ದೋಷಿಯೂ ಅಲ್ಲ. ಬ್ಲ್ಯಾಕ್‌ವುಡ್ ಬಹಳ ನಿಧಾನವಾಗಿ ಬೆಳೆಯುವ, ಡೊಂಕು ಕಾಂಡದ ಮರ. ಗಂಟು, ಸೀಳು ಯಾವುದೂ ಇಲ್ಲದ ನೇರ ತುಂಡೇ ಬೇಕೆನ್ನುವುದರಿಂದ ಕಡಿದ ಮರದ ಬಹುಪಾಲು ವಾದ್ಯವಾಗುವುದೇ ಇಲ್ಲ. ಫ್ರಾನ್ಸಿನ ಬಫೆ ಕ್ರಾಂಪೋನ್ ಕಂಪನಿಯು ಇದೇ ಮರದ ಪುಡಿಗೆ ರಾಳ ಮತ್ತು ಕಾರ್ಬನ್ ನಾರು ಸೇರಿಸಿ ಅಚ್ಚು ಹಾಕಿದ ಕ್ಲಾರಿನೆಟ್ಟುಗಳನ್ನು ಮಾಡುತ್ತದೆ. ಅವು ಹವಾಮಾನದ ಏರುಪೇರಿಗೆ ಸೀಳುವುದಿಲ್ಲ, ಮುಂಬಯಿಯಂಥ ಊರಿನಲ್ಲಿ ಇದು ಸಣ್ಣ ಲಾಭವಲ್ಲ.

ಮರಿಂಬಾದ ವಿಷಯ ಇನ್ನೂ ಸೂಕ್ಷ್ಮ. ಅದರ ಒಂದು ಪಟ್ಟಿಯನ್ನು ಮಗುಚಿ ನೋಡಿದರೆ ನಡುಭಾಗವನ್ನು ಕಮಾನಿನಂತೆ ಕೆತ್ತಿರುವುದು ಕಾಣುತ್ತದೆ. ಅಲ್ಲಿ ಮರ ತೆಗೆದಷ್ಟೂ ಶ್ರುತಿ ಇಳಿಯುತ್ತದೆ. ಮೂಲಸ್ವರದ ಜೊತೆಗೇ ಹೊಮ್ಮುವ, ಅದಕ್ಕಿಂತ ಎರಡು ಸಪ್ತಕ ಮೇಲಿನ ಉಪಸ್ವರವನ್ನೂ ನುರಿತ ತಯಾರಕರು ಅದೇ ಕೆತ್ತನೆಯಲ್ಲಿ ಕೂಡಿಸುತ್ತಾರೆ. ರೋಸ್‌ವುಡ್ ಕಂಪನವನ್ನು ಬೇಗ ನುಂಗಿಹಾಕುವುದಿಲ್ಲವಾದ್ದರಿಂದ ನಾದ ತುಂಬಿಕೊಂಡು ನಿಲ್ಲುತ್ತದೆ. ಪಡೌಕ್ ಮರದಲ್ಲಿ ಅಥವಾ ಫೈಬರ್‌ಗ್ಲಾಸಿನಲ್ಲಿ ಶ್ರುತಿಯನ್ನು ಅಷ್ಟೇ ನಿಖರವಾಗಿ ಕೂಡಿಸಬಹುದು, ಆದರೆ ನಾದದ ಬಣ್ಣ ಬೇರೆ. ಒತ್ತೊತ್ತಾಗಿ ಓಡುವ ಸ್ವರಗಳಲ್ಲಿ ಆ ವ್ಯತ್ಯಾಸ ಅಷ್ಟಾಗಿ ಕಿವಿಗೆ ಬೀಳದು. ಕೆಳಸ್ಥಾಯಿಯ ಒಂಟಿ ಸ್ವರದಲ್ಲಿ ಢಾಳಾಗಿ ಕೇಳಿಸುತ್ತದೆ. ಎಲ್ಲಿ ಯಾವುದು ಸಾಕು ಎಂಬ ತೀರ್ಮಾನ ಸಂಯೋಜಕರ ಕೈಯಲ್ಲಿದೆ. ಬದಲಿ ಮರವೂ ನಿಶ್ಚಿಂತೆಯದೇನಲ್ಲ: ಆಫ್ರಿಕಾದ ಪಡೌಕ್ ಕೂಡ 2022ರ ಸಮ್ಮೇಳನದಲ್ಲಿ ಸೈಟಿಸ್ ಪಟ್ಟಿಗೆ ಸೇರಿತು.

ವಿರಳ ಮರದ ಹಂಗೇ ಇಲ್ಲದೆ ಬರೆದವರೂ ಇದ್ದಾರೆ. ಅಮೆರಿಕದ ಮೈಕೆಲ್ ಗಾರ್ಡನ್ 2009ರಲ್ಲಿ ರಚಿಸಿದ 'ಟಿಂಬರ್' ಕೃತಿಯಲ್ಲಿ ಆರು ವಾದಕರು ಮನೆ ಕಟ್ಟಲು ಬಳಸುವಂಥ ಸಾಧಾರಣ ಮರದ ತುಂಡುಗಳನ್ನೇ ಬೇರೆ ಬೇರೆ ಉದ್ದಕ್ಕೆ ಕೊಯ್ದು ನುಡಿಸುತ್ತಾರೆ. ಎನ್‌ಸಿಪಿಎಯ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಬರೆಸಿದ ಜಾಕೀರ್ ಹುಸೇನರ 'ಪೇಷ್ಕಾರ್' 2015ರಲ್ಲಿ ತಬಲಾವನ್ನು ಆರ್ಕೆಸ್ಟ್ರಾದ ಮುಂದೆ ಕೂರಿಸಿತು. ತಬಲಾದ ನಾದಕ್ಕೆ ಮರಕ್ಕಿಂತ ಚರ್ಮ ಮತ್ತು ಅದರ ಮೇಲಿನ ಕಪ್ಪು ಲೇಪವಾದ ಕರಣೆಯೇ ಹೆಚ್ಚು ಮುಖ್ಯವಾದ್ದರಿಂದ, ಬಲಗೈಯಲ್ಲಿ ನುಡಿಸುವ ದಾಯಾಂ ಶೀಶಮ್ಮಿನ ಬದಲು ಬೇವಿನ ಮರದ್ದೂ ಬಳಕೆಯಲ್ಲಿದೆ.

ನಿಲ್ಲಿಸುವುದು ಬೇಡವೆನ್ನಲು ನನಗೆ ಇರುವ ದೊಡ್ಡ ಕಾರಣ ತಾಂಜಾನಿಯಾದಲ್ಲಿದೆ. ಅಲ್ಲಿನ ಕಿಲ್ವಾ ಜಿಲ್ಲೆಯ ಹಳ್ಳಿಗರು ತಾವೇ ನೋಡಿಕೊಳ್ಳುವ ಬ್ಲ್ಯಾಕ್‌ವುಡ್ ಕಾಡಿಗೆ 2009ರಲ್ಲಿ, ಕಾಡನ್ನು ಹೊಣೆಯರಿತು ನೋಡಿಕೊಳ್ಳಲಾಗುತ್ತಿದೆ ಎಂದು ಖಾತ್ರಿಪಡಿಸುವ ಎಫ್‌ಎಸ್‌ಸಿ ಪ್ರಮಾಣಪತ್ರ ದೊರೆಯಿತು. ಅಳತೆಯಿಟ್ಟು ಕಡಿದ ಮರದ ಹಣ ಊರಿಗೇ ಬರುವುದರಿಂದ ಕಾಡನ್ನು ಉಳಿಸಿಕೊಳ್ಳಲು ಅವರಿಗೆ ಒಂದು ಕಾರಣ ಸಿಕ್ಕಿದೆ. ಕ್ಲಾರಿನೆಟ್ಟಿಗೆ ಯಾರೂ ಬರೆಯದೆ, ಯಾರೂ ಕೊಳ್ಳದೆ ಹೋದರೆ ಆ ಕಾರಣ ಉಳಿಯುವುದಿಲ್ಲ, ಆಗ ಅದೇ ಜಾಗ ಹೊಲಕ್ಕೋ ಇದ್ದಿಲಿಗೋ ಹೋಗುವ ಅಪಾಯ ಹೆಚ್ಚುತ್ತದೆ.