ಡಬಲ್ ಬೇಸ್‌ಗೆ ಪಿಕಪ್ಪೋ, ಮೈಕೋ?

ಚೌಡಯ್ಯ ಮೆಮೋರಿಯಲ್ ಹಾಲ್ ಮುಂದೆ ಹಾದುಹೋದಾಗೆಲ್ಲ ಒಂದು ವಿಷಯ ನೆನಪಾಗುತ್ತದೆ. ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ್ದು, ನಾದ ಕೊನೇ ಸಾಲಿನವರಿಗೂ ಮುಟ್ಟಲಿ ಅಂತ. ಆಗ ಕಛೇರಿಗಳಲ್ಲಿ ಮೈಕ್ ಇರಲಿಲ್ಲ. ಪಿಟೀಲು ಬಳಗದ ಅತಿ ದೊಡ್ಡ, ತಗ್ಗು ದನಿಯ ವಾದ್ಯವಾದ ಡಬಲ್ ಬೇಸ್ ನುಡಿಸುವ ನಮ್ಮ ಪಾಡೂ ಅದೇ. ವಾದ್ಯ ಆಳೆತ್ತರ ಇದ್ದರೂ, ಡ್ರಮ್ಸ್ ಶುರುವಾದರೆ ಪಕ್ಕದಲ್ಲಿ ನಿಂತವರಿಗೂ ಕೇಳಿಸಲ್ಲ.

ಯಾವ ಪಿಕಪ್ (ವಾದ್ಯಕ್ಕೇ ಕೂರಿಸಿ ಅದರ ಅದುರನ್ನು ಹಿಡಿಯುವ ಸಾಧನ) ಒಳ್ಳೆಯದು ಎನ್ನುವ ಮೊದಲು, ವೇದಿಕೆಯ ಮೇಲೆ ಎಷ್ಟು ಸದ್ದಿರುತ್ತದೆ ನೋಡಿಕೊಳ್ಳಿ. ಪಿಯಾನೊ, ಗಿಟಾರ್ ಜೊತೆ ಮಾತ್ರ ನುಡಿಸುತ್ತೀರಾ? ಮೈಕೇ ಸಾಕು. ಡಿಪಿಎ 4099 ತರಹದ ಚಿಕ್ಕ ಕ್ಲಿಪ್ ಮೈಕನ್ನು ಕುದುರೆಯ (ತಂತಿಗಳನ್ನು ಎತ್ತಿಹಿಡಿಯುವ ಮರದ ತುಂಡು) ಹತ್ತಿರ ಸಿಕ್ಕಿಸಿದರೆ ಮರದ ದನಿ, ಬೆರಳಿನ ಸ್ಪರ್ಶ, ಕಮಾನಿನ ನುಣುಪು ಎಲ್ಲ ಬರುತ್ತದೆ. ಎಫ್ ಆಕಾರದ ತೂತಿನ ಬಾಯಿಗೇ ಇಡಬೇಡಿ, ಗುಂಯ್ ಅನ್ನುವುದು ಜಾಸ್ತಿಯಾಗುತ್ತದೆ.

ಡ್ರಮ್ಸ್ ಇದ್ದರೆ ಪಿಕಪ್ ಬೇಕೇ ಬೇಕು. ಹೆಚ್ಚಿನವು ಪೀಝೋ, ಅಂದರೆ ಮರದ ಅದುರುವಿಕೆಯನ್ನು ವಿದ್ಯುತ್ ಮಾಡುವಂಥವು. ಕುದುರೆಯ ರೆಕ್ಕೆಯ ಸಂದಿಯಲ್ಲಿ ಕೂರುವುದು ಒಂದು ಬಗೆ, ಕುದುರೆಯ ಕಾಲಿನ ಕೆಳಗೆ ಕೂರುವುದು ಇನ್ನೊಂದು. ಫಿಶ್‌ಮನ್ ಫುಲ್ ಸರ್ಕಲ್ ಆದರೆ ಕುದುರೆಯ ಎತ್ತರ ಹೊಂದಿಸುವ ಚಕ್ರದೊಳಗೇ ಇರುತ್ತದೆ.

ಇಲ್ಲಿ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ಇಂದಿರಾನಗರದ ಒಂದು ಪಬ್‌ನಲ್ಲಿ ಪಿಕಪ್ ಕೇಬಲ್ ಅನ್ನು ನೇರವಾಗಿ ಮಿಕ್ಸರ್‌ಗೆ ಹಾಕಿದರು. ಕೆಳಗಿನ ಇ ತಂತಿ ಮೀಟಿದರೆ ಡಬ್ಬಿ ತಟ್ಟಿದ ಹಾಗೆ ಟಕ್ ಟಕ್. ಹೊಸ ಪಿಕಪ್ಪೇ ಕೆಟ್ಟಿದೆ ಅಂದುಕೊಂಡು ಆ ರಾತ್ರಿ ನಿದ್ದೆ ಬರಲಿಲ್ಲ. ಪಿಕಪ್ ಸರಿಯಾಗೇ ಇತ್ತು. ಪೀಝೋ ಒಂದು ಪುಟ್ಟ ಕೆಪ್ಯಾಸಿಟರ್ (ವಿದ್ಯುತ್ ಕೂಡಿಡುವ ಬಿಡಿಭಾಗ) ಇದ್ದ ಹಾಗೆ. ಮುಂದಿನ ಉಪಕರಣದ ಇನ್‌ಪುಟ್ ಇಂಪೀಡೆನ್ಸ್, ಅಂದರೆ ಒಳಬರುವ ಸಿಗ್ನಲ್‌ಗೆ ಅದು ಒಡ್ಡುವ ತಡೆ, ಕಡಿಮೆಯಾದರೆ ಕೆಳಸ್ವರಗಳು ಸೋರಿಹೋಗುತ್ತವೆ. ಲೆಕ್ಕ ಹಾಕಿ ನೋಡಿ: ಪೀಝೋ 1 ನ್ಯಾನೊಫ್ಯಾರಡ್, ಇನ್‌ಪುಟ್ 1 ಮೆಗಾಓಮ್ ಇದ್ದರೆ ಸುಮಾರು 160 ಹರ್ಟ್ಜ್‌ನಿಂದಲೇ ಕೆಳಕ್ಕೆ ದನಿಯ ಇಳಿತ ಶುರು. ನಮ್ಮ ಇ ತಂತಿ ಇರುವುದು 41 ಹರ್ಟ್ಜ್‌ನಲ್ಲಿ! ಅದೇ 10 ಮೆಗಾಓಮ್ ಆದರೆ ಇಳಿತ 16 ಹರ್ಟ್ಜ್‌ಗೆ ಹೋಗುತ್ತದೆ, ಇ ತಂತಿ ಉಳಿಯುತ್ತದೆ. ಮಿಕ್ಸರ್‌ನ ಲೈನ್ ಇನ್‌ಪುಟ್ ಸಾಮಾನ್ಯವಾಗಿ ಬರೀ 10 ಕಿಲೋಓಮ್ ಆಸುಪಾಸು. ಅದಕ್ಕೇ ಪಿಕಪ್‌ಗೆ ಇಟ್ಟ ಹಣದಲ್ಲಿ ಸ್ವಲ್ಪ ಉಳಿಸಿ, ಪಿಕಪ್‌ಗೂ ಮಿಕ್ಸರ್‌ಗೂ ನಡುವೆ ಕೂರುವ ಒಳ್ಳೆ ಪ್ರೀಆಂಪ್ ತಗೊಳ್ಳಿ. ಅದರಲ್ಲಿ ಹೈಪಾಸ್ ಫಿಲ್ಟರ್ (ತೀರಾ ತಗ್ಗಿನ ಸದ್ದನ್ನು ಕತ್ತರಿಸುವುದು), ಫೇಸ್ ಸ್ವಿಚ್ (ಸಿಗ್ನಲ್‌ನ ಅಲೆಯನ್ನು ತಲೆಕೆಳಗು ಮಾಡುವುದು) ಎರಡೂ ಇರಲಿ. ಗುಂಯ್‌ಗುಟ್ಟಿದಾಗ ಮೊದಲು ಮುಟ್ಟಬೇಕಾದ ಗುಂಡಿ ಆ ಸ್ವಿಚ್ಚೇ.

ಅಯಸ್ಕಾಂತದಿಂದ ತಂತಿಯ ಅದುರು ಹಿಡಿಯುವ ಮ್ಯಾಗ್ನೆಟಿಕ್ ಪಿಕಪ್‌ಗೆ ಸ್ಟೀಲ್ ತಂತಿ ಬೇಕು, ಕರುಳಿನ ತಂತಿಗೆ ನಡೆಯಲ್ಲ. ತುಂಬಾ ಜೋರು ಬ್ಯಾಂಡ್ ಆದರೆ ಇದನ್ನು ಯೋಚಿಸಬಹುದು, ಆದರೆ ದನಿ ಎಲೆಕ್ಟ್ರಿಕ್ ಬೇಸ್ ಕಡೆ ವಾಲುತ್ತದೆ.

ಪಿಕಪ್, ಮೈಕ್ ಎರಡನ್ನೂ ಸೇರಿಸುವುದು ನನಗೆ ತುಂಬಾ ಇಷ್ಟ. ಕೆಳಗಿನ ಸ್ವರ ಪಿಕಪ್‌ನಿಂದ, ಮೇಲಿನದು ಮೈಕ್‌ನಿಂದ. ಆದರೆ ಸದ್ದು 34 ಸೆಂಟಿಮೀಟರ್ ಹೋಗಲು ಹತ್ತಿರ ಹತ್ತಿರ 1 ಮಿಲಿಸೆಕೆಂಡ್ ಬೇಕು. ಮೈಕ್ ಅಷ್ಟು ದೂರ ಇದ್ದರೆ ಅದರ ಸದ್ದು ಪಿಕಪ್‌ಗಿಂತ ತಡವಾಗಿ ಬರುತ್ತದೆ, ಎರಡೂ ಸೇರಿದಾಗ 500 ಹರ್ಟ್ಜ್ ಸುತ್ತ ದನಿ ಟೊಳ್ಳಾಗುತ್ತದೆ. ಮೈಕನ್ನು ಹತ್ತಿರ ತನ್ನಿ. ಮೊದಲು ಪಿಕಪ್ ಒಂದನ್ನೇ ಹಾಕಿ, ಆಮೇಲೆ ಮೈಕ್ ನಿಧಾನಕ್ಕೆ ಏರಿಸಿ. ಇ ತಂತಿ ಮೀಟುತ್ತಾ ಇರಿ. ಮೈಕ್ ಏರಿದಂತೆ ತಳ ತೆಳುವಾದರೆ ಫೇಸ್ ಸ್ವಿಚ್ ತಿರುಗಿಸಿ.