ಸೀಬೆ ಗಿಡದ ಬಿಲ್ಲು: ಬೆನ್ನು ಮುಟ್ಟಬೇಡಿ, ಹೊಟ್ಟೆ ಕೆರೆಯಿರಿ

ನನ್ನ ಮೊದಲ ಬಿಲ್ಲು ನೋಡಲು ಬಲು ಚೆನ್ನಾಗಿತ್ತು. ಎರಡೂ ಬದಿಗಳನ್ನು ಮರಳುಕಾಗದದಿಂದ ಉಜ್ಜಿ, ಗಂಟುಗಳನ್ನೆಲ್ಲ ಸವರಿ, ಎಣ್ಣೆ ಹಚ್ಚಿ ಕುರ್ಚಿಯ ಕಾಲಿನಂತೆ ಹೊಳೆಯಿಸಿದ್ದೆ. ಎರಡನೆಯ ದಿನ ಅರ್ಧಕ್ಕಿಂತ ತುಸು ಹೆಚ್ಚು ಎಳೆದಾಗ ಪಟಾಕಿಯಂತೆ ಸಿಡಿದು ಎರಡು ತುಂಡಾಯಿತು. ತುಂಡುಗಳನ್ನು ಜೋಡಿಸಿ ನೋಡಿದೆ. ಸಿಬಿರು ಎದ್ದದ್ದು ನಾನು ಅತಿ ಅಕ್ಕರೆಯಿಂದ ನಯಗೊಳಿಸಿದ್ದ ಗಂಟಿನ ಜಾಗದಿಂದಲೇ. ಎರಡನೆಯ ಬಿಲ್ಲು ಮಾಡುವಾಗ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡದ್ದನ್ನು, ನನ್ನಂತೆಯೇ ಕಲಿಯುತ್ತಿರುವವರಿಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಹೆಸರುಗಳನ್ನು ಸರಿಮಾಡಿಕೊಳ್ಳೋಣ, ಏಕೆಂದರೆ ಎಲ್ಲರೂ ಎಡವುವುದು ಇಲ್ಲಿಯೇ. ಬಿಲ್ಲು ಹಿಡಿದು ನಿಂತಾಗ ಗುರಿಯ ಕಡೆಗಿರುವ ಮೈ ಬಿಲ್ಲಿನ ಬೆನ್ನು, ನಮ್ಮ ಮುಖಕ್ಕಿರುವುದು ಹೊಟ್ಟೆ. ತಿರುವುಮುರುವಾಗಿ ಕಂಡರೆ ‘ಬೆನ್ನು ಬಿಲ್ಲಾಗಿದೆ’ ಎಂದು ನಾವು ಹೇಳುವ ಮುದುಕನನ್ನು ನೆನೆಸಿಕೊಳ್ಳಿ. ಬಾಗಿದವನ ಬೆನ್ನಿನ ಚರ್ಮ ಹಿಗ್ಗುತ್ತದೆ, ಹೊಟ್ಟೆ ಮಡಿಕೆ ಬೀಳುತ್ತದೆ. ಬಿಲ್ಲಿನಲ್ಲಿಯೂ ಅಷ್ಟೇ: ಬೆನ್ನಿನ ನಾರು ಎಳೆತಕ್ಕೆ ಸಿಕ್ಕುತ್ತದೆ, ಹೊಟ್ಟೆಯದು ಒತ್ತಡಕ್ಕೆ. ನಡುವೆ ಕೈ ಹಿಡಿಯುವ ಜಾಗ ಹಿಡಿ, ಅದರ ಎರಡೂ ಪಕ್ಕ ತೋಳುಗಳು, ತುದಿಯಲ್ಲಿ ಹೆದೆ ಸಿಕ್ಕಿಸುವ ಕಚ್ಚು ಕೊಪ್ಪು. ಕೊಪ್ಪು ಹಳೆಯ ಕಾವ್ಯದ ಪದ. ಇಷ್ಟು ಚಿಕ್ಕ ಒಳ್ಳೆಯ ಮಾತು ಇರುವಾಗ ಇಂಗ್ಲಿಷಿನ ಪದ ಏಕೆ ಬೇಕೆಂದು ನಾನು ಅದನ್ನೇ ಬಳಸುತ್ತೇನೆ.

ಮರ ಯಾವುದು?

ನಮ್ಮ ಕಾಡುಗಳಲ್ಲಿ ಬಿಲ್ಲಿಗೆ ಹೆಸರಾದದ್ದು ತಡಸಲು. ಸಂಸ್ಕೃತದಲ್ಲಿ ಅದಕ್ಕೆ ಧನ್ವನ, ಧನುರ್ವೃಕ್ಷ ಎಂಬ ಹೆಸರುಗಳೇ ಇವೆ. ಆದರೆ ಕಾಡಿಗೆ ಹೋಗಿ ಕಡಿದು ತರುವ ಯೋಚನೆ ಬೇಡ. 1963ರ ಕರ್ನಾಟಕ ಅರಣ್ಯ ಕಾಯ್ದೆ ಇರುವಾಗ ಒಂದು ಕೋಲಿನ ಆಸೆಗೆ ಮೊಕದ್ದಮೆ ಮೈಮೇಲೆ ಎಳೆದುಕೊಳ್ಳಬಾರದು. ನಾನು ಆರಿಸಿಕೊಂಡದ್ದು ಹಿತ್ತಿಲ ಸೀಬೆ. ಕರಾವಳಿಯವರಿಗೆ ಪೇರಲ, ಕೋಲಾರದ ಕಡೆಯವರಿಗೆ ಚೇಪೆ. ಕವಣೆಗೆ ಕವಲು ಹುಡುಕುವ ಹುಡುಗರು ಮೊದಲು ಹತ್ತುವುದು ಈ ಗಿಡವನ್ನೇ, ಅವರ ಆಯ್ಕೆಯಲ್ಲಿ ಅರ್ಥವಿದೆ. ಸೀಬೆಯದು ಒತ್ತಾದ, ತೂಕದ, ಬಾಗಿದರೆ ಮರಳಿ ನೆಟ್ಟಗಾಗುವ ಮರ. ಗಾಂಡೀವಕ್ಕಂತೂ ಇದನ್ನು ಬಳಸಿರಲಾರರು. ಸೀಬೆ ಅಮೆರಿಕ ಖಂಡದ ಗಿಡ, ಪೋರ್ಚುಗೀಸರು ಬಂದ ಮೇಲೆ ನಮ್ಮ ಹಿತ್ತಿಲಿಗೆ ಬಂದದ್ದು.

ತೊಂದರೆ ಎಂದರೆ ಸೀಬೆಯ ಕೊಂಬೆ ಹಾವಿನಂತೆ ಹೊರಳುತ್ತದೆ. ಹಿಂದೊಮ್ಮೆ ಕಡಿದ ಬುಡದಿಂದ ನೆಟ್ಟಗೆ ಮೇಲೆದ್ದ ಚಿಗುರುಕೋಲು ನಾಲ್ಕೈದು ವರ್ಷದಲ್ಲಿ ಬಲಿತಿದ್ದರೆ ಅದು ನಮ್ಮದು. ಅಡ್ಡಳತೆ ಸುಮಾರು 6 ಸೆಂಟಿಮೀಟರ್, ಉದ್ದ 165 ಇರಲಿ. ಎರಡೂ ತುದಿ ಬಿರಿಯುವುದರಿಂದ ಸ್ವಲ್ಪ ಹೆಚ್ಚುವರಿ ಬೇಕು. ತಿರುಚಿಕೊಂಡು ಬೆಳೆದ ಕೋಲನ್ನು ತೊಗಟೆಯ ಗೆರೆ ನೋಡಿಯೇ ಬಿಟ್ಟುಬಿಡಿ. ಒಂದೇ ಕಡೆಗೆ ಮೆಲ್ಲಗೆ ಬಾಗಿದ ಕೋಲಿನಿಂದ ಏನೂ ಕೆಡಕಿಲ್ಲ.

ಕಡಿದ ದಿನವೇ ಮೂರು ಕೆಲಸ. ಯಾವ ಮೈಯಲ್ಲಿ ಗಂಟು ಕಡಿಮೆಯೋ ಅದನ್ನು ಬೆನ್ನು ಎಂದು ಗುರುತು ಹಾಕಿ. ಎದುರು ಮೈಯನ್ನು ಮಚ್ಚಿನಿಂದ ಕೆತ್ತಿ ಕೋಲನ್ನು ಅರ್ಧ ದುಂಡಗೆ ಮಾಡಿ. ಇಡೀ ದುಂಡಗೆ ಬಿಟ್ಟರೆ ಒಣಗುವಾಗ ಎಲ್ಲೆಂದರಲ್ಲಿ ಸೀಳುತ್ತದೆ. ತೊಗಟೆಯನ್ನು ಕೈಯಿಂದ, ಮೊಂಡು ಚಮಚದಿಂದ ಸುಲಿದು ಬೆನ್ನಿಗೂ ತುದಿಗಳಿಗೂ ಮರದ ಅಂಟನ್ನು ಬಳಿಯಿರಿ. ತೊಗಟೆ ಬಿಟ್ಟರೆ ಅದರಡಿ ಹುಳ ಸೇರಿಕೊಳ್ಳುತ್ತದೆ. ಆಮೇಲೆ ನೆರಳು, ಗಾಳಿ, ತಾಳ್ಮೆ. ಎಷ್ಟು ದಿನ ಎಂದು ಕೇಳಬೇಡಿ, ತಕ್ಕಡಿಯನ್ನು ಕೇಳಿ. ನನ್ನ ಕೋಲು ಮೊದಲ ದಿನ 2 ಕೆಜಿ 200 ಗ್ರಾಂ ಇತ್ತು. ಪ್ರತಿ ಭಾನುವಾರ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾ ಹೋದೆ. 1 ಕೆಜಿ 600ರ ಹತ್ತಿರ ಬಂದು ಮೂರು ವಾರ ಅಲ್ಲಾಡದೆ ನಿಂತಾಗ ಕೆಲಸ ಶುರುಮಾಡಿದೆ. ಹಸಿ ಕೋಲನ್ನು ಬಾಗಿಸಿದರೆ ಮುರಿಯುವುದಿಲ್ಲ, ಆದರೆ ಬಾಗಿದ ಹಾಗೆಯೇ ಕೂನಾಗಿ ಉಳಿದುಬಿಡುತ್ತದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುತ್ತಾರಲ್ಲ, ಬಿಲ್ಲಿನ ಮಟ್ಟಿಗೆ ಆ ಗಾದೆ ಸುಳ್ಳು. ಒಣಗಿದ ಮರವೇ ಬಗ್ಗಬೇಕು, ಬಗ್ಗಿ ಹಿಂದಿರುಗಬೇಕು.

ಬೆನ್ನನ್ನೇಕೆ ಮುಟ್ಟಬಾರದು?

ನಾರಿನ ಉದ್ದಕ್ಕೆ ನೋಡಿದರೆ, ದೋಷವಿಲ್ಲದ ಮರ ಒತ್ತಡಕ್ಕಿಂತ ಎಳೆತವನ್ನು ಸಾಮಾನ್ಯವಾಗಿ ಎರಡು ಪಟ್ಟು ತಾಳುತ್ತದೆ. ಹಾಗಾದರೆ ಬೆನ್ನು ಗಟ್ಟಿ, ಹೊಟ್ಟೆಯೇ ದುರ್ಬಲ. ಆದರೂ ನನ್ನ ಬಿಲ್ಲು ಬೆನ್ನಿನಲ್ಲಿ ಮುರಿಯಿತು. ಇದರ ಗುಟ್ಟು ಸೋಲುವ ರೀತಿಯಲ್ಲಿದೆ. ಹೊಟ್ಟೆಯ ನಾರು ಸೋತರೆ ಮೆಲ್ಲನೆ ಕುಗ್ಗಿ, ಸುಕ್ಕಿನಂಥ ಸಣ್ಣ ಅಡ್ಡಗೆರೆ ಮೂಡಿ, ಬಿಲ್ಲು ಕೂನಾಗುತ್ತದೆ. ಎಚ್ಚರಿಕೆ ಕೊಟ್ಟು ಸೋಲುತ್ತದೆ. ಬೆನ್ನಿನಲ್ಲಿ ಒಂದು ನಾರು ನಡುವೆ ಕತ್ತರಿಸಿದ್ದರೆ ಎಳೆತ ಅಲ್ಲಿ ಪಕ್ಕಕ್ಕೆ ಜಿಗಿಯಬೇಕು, ಸಿಬಿರು ಮೇಲೇಳುತ್ತದೆ, ಕ್ಷಣದಲ್ಲಿ ಎಲ್ಲ ಮುಗಿಯುತ್ತದೆ. ತೊಗಟೆಯ ಕೆಳಗಿನ ಮೈಯಲ್ಲಿ ಗಿಡ ತಾನೇ ನಾರುಗಳನ್ನು ಗಂಟಿನ ಸುತ್ತ ಬಳಸಿಕೊಂಡು, ತುದಿಯಿಂದ ತುದಿಗೆ ಕಡಿಯದೆ ಹಾಸಿರುತ್ತದೆ. ಆ ಉಬ್ಬುತಗ್ಗು ಕುರೂಪವಲ್ಲ, ಅದೇ ಬಲ. ನಾನು ಉಬ್ಬನ್ನು ಸವರಿ ಸುತ್ತಿಹೋಗುತ್ತಿದ್ದ ನಾರುಗಳನ್ನೆಲ್ಲ ಕತ್ತರಿಸಿದ್ದೆ.

ಸೀಬೆಯಲ್ಲಿ ವರ್ಷದ ಬಳೆಗಳು ಸ್ಪಷ್ಟವಾಗಿ ಕಾಣುವುದಿಲ್ಲ, ಆದ್ದರಿಂದ ಒಳಗಿನ ಯಾವುದೋ ಬಳೆಯನ್ನು ಹಿಂಬಾಲಿಸಿ ಬೆನ್ನು ಬಿಡಿಸುತ್ತೇನೆ ಎಂದು ಹೊರಡಬೇಡಿ. ತೊಗಟೆ ಸುಲಿದಾಗ ಸಿಕ್ಕ ಮೈಯೇ ಬೆನ್ನು. ಸಣ್ಣ ಕೋಲಾದ್ದರಿಂದ ಅದು ದುಂಡಗಿರುತ್ತದೆ, ಹೊಟ್ಟೆಯನ್ನು ನಾವು ಚಪ್ಪಟೆ ಮಾಡುತ್ತೇವೆ. ಗಟ್ಟಿ ಬದಿ ಕಿರಿದು, ದುರ್ಬಲ ಬದಿ ಅಗಲ. ಕೋಲು ಸಣ್ಣದೆಂದು ನೊಂದುಕೊಳ್ಳುವವರಿಗೆ ಇದು ಸಮಾಧಾನದ ಸಂಗತಿ.

ಅಳತೆ

ಬಿಲ್ಲಿನ ಉದ್ದ ಎಷ್ಟಿರಬೇಕು? ಹಿಡಿಯಿಂದ ಹೆದೆಯನ್ನು ಎಲ್ಲಿಯವರೆಗೆ ಎಳೆಯುತ್ತೀರೋ ಅದರ ಎರಡರಷ್ಟು, ಜೊತೆಗೆ ಬಾಗದ ಹಿಡಿಯ ಉದ್ದ. ನನ್ನ ಎಳೆತ 66 ಸೆಂಟಿಮೀಟರ್, ಹಿಡಿ 20, ಒಟ್ಟು 152. ಮೊದಲ ಸಲಕ್ಕೆ ಇದಕ್ಕಿಂತ ಗಿಡ್ಡ ಮಾಡಬೇಡಿ. ಅಗಲ ಹಿಡಿಯ ಪಕ್ಕದಿಂದ ತೋಳಿನ ನಡುವಿನವರೆಗೆ 4 ಸೆಂಟಿಮೀಟರ್, ಅಲ್ಲಿಂದ ಇಳಿಯುತ್ತಾ ತುದಿಯಲ್ಲಿ ಒಂದೂಕಾಲು. ದಪ್ಪ 18 ಮಿಲಿಮೀಟರಿನಿಂದ ಶುರು. ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಮುಂದೆ ಮರವೇ ಹೇಳುತ್ತದೆ.

ದಪ್ಪದ ವಿಷಯದಲ್ಲಿ ಒಂದು ಲೆಕ್ಕ ಬಾಯಿಪಾಠವಾಗಲಿ. ಬಿಗಿ, ಅಂದರೆ ತೋಳು ಬಾಗದೆ ಸೆಟೆದು ನಿಲ್ಲುವ ಗುಣ, ಅಗಲಕ್ಕೆ ನೇರ ಅನುಪಾತ, ದಪ್ಪಕ್ಕೆ ಘನದ ಅನುಪಾತ. ಅಗಲವನ್ನು ಹತ್ತರಲ್ಲಿ ಒಂದು ಪಾಲು ಇಳಿಸಿದರೆ ಬಿಗಿಯೂ ಅಷ್ಟೇ ಇಳಿಯುತ್ತದೆ. ದಪ್ಪವನ್ನು 15 ಮಿಲಿಮೀಟರಿನಿಂದ 13.5ಕ್ಕೆ ಇಳಿಸಿದರೆ? 0.9 × 0.9 × 0.9 = 0.729. ಒಂದೂವರೆ ಮಿಲಿಮೀಟರಿಗೆ ಬಿಗಿಯಲ್ಲಿ ನಾಲ್ಕನೆಯ ಒಂದಕ್ಕಿಂತ ಹೆಚ್ಚು ಹೋಯಿತು. ಮಚ್ಚಿನ ಕೆಲಸ 18ಕ್ಕೇ ಮುಗಿಯಬೇಕು, ಆಮೇಲೆ ಅರ, ಕೊನೆಗೆ ಗಾಜಿನ ಚೂರು ಎಂದು ಹೇಳುವುದು ಇದಕ್ಕೇ.

ಬಾಗು ತಿದ್ದುವುದು

ಬಿಲ್ಲುಗಾರಿಕೆ ನಿಜವಾಗಿ ಇರುವುದು ಇಲ್ಲಿ, ಹಿಂದಿನದೆಲ್ಲ ಬಡಗಿ ಕೆಲಸ. ಮೊದಲು ಕೋಲಿನ ಒಂದು ತುದಿಯನ್ನು ನೆಲಕ್ಕೂರಿ, ಹಿಡಿಯನ್ನು ಒತ್ತಿ, ತೋಳು ಸ್ವಲ್ಪವಾದರೂ ಮಣಿಯುತ್ತದೆಯೇ ನೋಡಿ. ನಮ್ಮ ಬೀದಿಯ ಆಚಾರರು ನನ್ನದನ್ನು ಒತ್ತಿ ನೋಡಿ, “ಇದು ಬಿಲ್ಲೋ, ಕೊಡಲಿಯ ಕಾವೋ?” ಎಂದರು. ಇನ್ನೂ ಕೆರೆದೆ.

ಮಣಿಯಲು ತೊಡಗಿದ ಮೇಲೆ ಕೊಪ್ಪು ಕೊರೆದು, ಸಡಿಲವಾದ ಉದ್ದ ಹಗ್ಗ ಕಟ್ಟಿ, ಗೋಡೆಗೆ ಬಡಿದ ಗೂಟದ ಮೇಲೆ ಹಿಡಿಯನ್ನು ಕೂರಿಸಿ. ಹಗ್ಗದ ನಡುವಿಗೆ ಇನ್ನೊಂದು ಹಗ್ಗ ಕಟ್ಟಿ, ನೆಲದ ಹತ್ತಿರದ ರಾಟೆಯಲ್ಲಿ ಹಾಯಿಸಿದರೆ ದೂರ ನಿಂತು ಎಳೆಯಬಹುದು. ಮುರಿದರೆ ಮುಖ ಉಳಿಯುತ್ತದೆ. ನಡುವೆ ಕೊಕ್ಕೆ ತಕ್ಕಡಿ ಸಿಕ್ಕಿಸಿ. ನಾನು ಗೂಟ ಹೊಡೆದದ್ದು ಹಿತ್ತಿಲಿನ ಟೈಲ್ಸ್ ಗೋಡೆಯ ಮೇಲೆ (ಮನೆಯವರ ಮಾತು ಇಲ್ಲಿ ಬೇಡ). ಟೈಲ್ಸಿನ ಚೌಕಗಳು ಗ್ರಾಫ್ ಹಾಳೆಯಂತೆ ಒದಗಿದವು. ಎಳೆದು ಹಿಡಿದಾಗ ಮೊಬೈಲಿನಲ್ಲಿ ಫೋಟೊ ತೆಗೆದರೆ ಎಡಬಲ ತುದಿ ಎಷ್ಟೆಷ್ಟು ಇಳಿದಿವೆ ಎಂಬುದು ಚೌಕ ಎಣಿಸಿದರೆ ತಿಳಿಯುತ್ತದೆ.

ನೋಡಬೇಕಾದದ್ದು ಎರಡು: ಎರಡೂ ತೋಳು ಸಮನಾಗಿ ಬಾಗುತ್ತಿವೆಯೇ, ಒಂದೊಂದು ತೋಳೂ ಉದ್ದಕ್ಕೂ ಬಾಗುತ್ತಿದೆಯೇ. ಒಂದೇ ಜಾಗದಲ್ಲಿ ಹೆಚ್ಚು ಬಾಗಿದರೆ ನಾನು ಅದನ್ನು ಮೊಣಕೈ ಎನ್ನುತ್ತೇನೆ. ಮೊಣಕೈ ಕಂಡರೆ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ, ಹೋಗಗೊಡಬಾರದು. ಅಲ್ಲಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು, ಅದನ್ನು ಬಿಟ್ಟು ಉಳಿದ ಜಾಗವನ್ನೆಲ್ಲ ಕೆರೆಯಬೇಕು, ಹೊಟ್ಟೆಯ ಬದಿಯಲ್ಲಿ ಮಾತ್ರ. ಗಂಟು ಇರುವಲ್ಲಿ ಸುತ್ತ ಸ್ವಲ್ಪ ಹೆಚ್ಚು ಮರ ಬಿಡಿ. ಹತ್ತಿಪ್ಪತ್ತು ಸಲ ಕೆರೆದು, ಮೂವತ್ತು ಸಲ ಮೆಲ್ಲಗೆ ಎಳೆದು ಬಿಟ್ಟು, ಆಮೇಲೆ ನೋಡಿ. ಕೆರೆದದ್ದನ್ನು ಮರ ತೋರಿಸಲು ಅಷ್ಟು ಹೊತ್ತು ಬೇಕು.

ಇನ್ನೊಂದು ಕಟ್ಟುನಿಟ್ಟು. ನನಗೆ ಬೇಕಾದದ್ದು 13 ಕೆಜಿಯ ಬಿಲ್ಲು, ಅಂದರೆ ಹೆದೆಯನ್ನು ಪೂರ್ತಿ ಎಳೆದಾಗ ತಕ್ಕಡಿ 13 ಕೆಜಿ ತೋರಿಸುವಂಥದ್ದು. ತಕ್ಕಡಿ 13 ತೋರಿಸಿದೊಡನೆ, ಹೆದೆ ಅರ್ಧಕ್ಕೇ ಬಂದಿದ್ದರೂ, ಅಲ್ಲಿಗೇ ನಿಲ್ಲಿಸಬೇಕು. ಕೆರೆದ ಮೇಲೆ ಅದೇ 13 ಕೆಜಿಗೆ ಎರಡು ಬೆರಳು ಹೆಚ್ಚು ಬರುತ್ತದೆ. ಹೀಗೆ ಭಾರ ಹೆಚ್ಚಿಸದೆ ದೂರವನ್ನು ಮಾತ್ರ ಹೆಚ್ಚಿಸುತ್ತಾ ಹೋಗುವುದು. ಮಣಿಯದ ಕೋಲನ್ನು 20 ಕೆಜಿಗೆ ಎಳೆದು ‘ಪರೀಕ್ಷೆ’ ಮಾಡಿದರೆ ಹೊಟ್ಟೆಯ ನಾರು ಅಂದೇ ಕುಗ್ಗುತ್ತದೆ, ಮುಂದೆ ಎಷ್ಟು ಕೆರೆದರೂ ಆ ಕೂನು ಹೋಗುವುದಿಲ್ಲ. ಬಾಗು ಒಂದು ಮಟ್ಟಕ್ಕೆ ಬಂದ ಮೇಲೆ ಗಿಡ್ಡ ಹೆದೆ ಏರಿಸಿ. ಹಿಡಿಯಿಂದ ಹೆದೆಗೆ 15 ಸೆಂಟಿಮೀಟರ್, ಅಂದರೆ ಹೆಬ್ಬೆರಳು ಎತ್ತಿದ ಮುಷ್ಟಿಯಷ್ಟು ಅಂತರ. ನನಗೆ ಇಷ್ಟೆಲ್ಲ ಆಗಲು ಒಂಬತ್ತು ಸಂಜೆ ಹಿಡಿಯಿತು.

ಹೆದೆ, ಬಾಣ

ಹೆದೆಗೆ ಮೌರ್ವಿ ಎಂಬ ಹೆಸರು ಬಂದದ್ದು ಮೂರ್ವಾ ಎಂಬ ನಾರುಗಿಡದಿಂದ. ಇಂದು ಕುಂಡದಲ್ಲಿ ಬೆಳೆಸುವ ಸ್ನೇಕ್ ಪ್ಲಾಂಟಿನ ಬಳಗಕ್ಕೆ ಇಂಗ್ಲಿಷಿನಲ್ಲಿಯೂ ಬೋಸ್ಟ್ರಿಂಗ್ ಹೆಂಪ್, ಅಂದರೆ ಹೆದೆಯ ನಾರು, ಎಂಬ ಹೆಸರಿದೆ. ನಾನು ಬಳಸಿದ್ದು ಚಪ್ಪಲಿ ಹೊಲಿಯುವ ಪಾಲಿಯೆಸ್ಟರ್ ದಾರ. ನೈಲಾನ್ ಹಿಗ್ಗುತ್ತದೆ, ಬೇಡ. ಒಂದು ಎಳೆಯನ್ನು ಕೊಕ್ಕೆ ತಕ್ಕಡಿಗೆ ಕಟ್ಟಿ ಎಷ್ಟಕ್ಕೆ ಹರಿಯುತ್ತದೆ ನೋಡಿ. ಒಟ್ಟು ಹೆದೆ ಬಿಲ್ಲಿನ ಭಾರದ ಐದು ಪಟ್ಟಾದರೂ ತಾಳಬೇಕು. ಎಳೆ 5 ಕೆಜಿ ತಾಳಿದರೆ 13 ಎಳೆ ಸಾಕು. ಹೊಸೆದು ಜೇನುಮೇಣ ಸವರಿ.

ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು ಎಂಬುದಕ್ಕೂ ಲೆಕ್ಕವಿದೆ. ನನ್ನ ಎಳೆತದ 66ರಲ್ಲಿ ಹಿಡಿ-ಹೆದೆಯ ಅಂತರ 15 ಕಳೆದರೆ 51 ಸೆಂಟಿಮೀಟರ್ ದೂರ, ಸೊನ್ನೆಯಿಂದ 13 ಕೆಜಿಗೆ ಏರುವ ಭಾರ; ಸುಮಾರು 32 ಜೂಲ್ ಶಕ್ತಿ. ಒಂದು ಕೆಜಿಯ ಕಲ್ಲು ಮೂರು ಮೀಟರಿಗಿಂತ ಎತ್ತರದಿಂದ ಬಿದ್ದಷ್ಟು. ಬಾಣ ಅದನ್ನು ಹೊತ್ತುಕೊಂಡು ಹೋಗದಿದ್ದರೆ ಅದು ತೋಳುಗಳಿಗೇ ಬಡಿಯುತ್ತದೆ.

ಬಾಣದ ಕೋಲಿಗೂ ಪೊದೆಗಿಡವೇ ಒಳ್ಳೆಯದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, ಐದು ಸಾವಿರ ವರ್ಷಕ್ಕೂ ಹಳೆಯ ಮನುಷ್ಯ ಓಟ್ಜಿಯ ಬತ್ತಳಿಕೆಯಲ್ಲಿ 14 ಬಾಣದ ಕೋಲುಗಳಿದ್ದವು. ಅವನ್ನು ಆತ ವೈಬರ್ನಮ್ ಎಂಬ ಪೊದೆಯ ಚಿಗುರುಕೋಲುಗಳಿಂದ ಮಾಡಿಕೊಂಡಿದ್ದ. ಪೂರ್ತಿಯಾದವು ಎರಡೇ. ಯೂ ಮರದ ಬಿಲ್ಲು 1.82 ಮೀಟರ್ ಉದ್ದವಿತ್ತು, ಅದೂ ಅರ್ಧ ಕೆತ್ತಿದ ಸ್ಥಿತಿಯಲ್ಲಿಯೇ ಇತ್ತು. ಕೆತ್ತಿದ ಗುರುತುಗಳು ಇನ್ನೂ ಮೈಮೇಲಿವೆ.

ನನ್ನ ಎರಡನೆಯ ಬಿಲ್ಲು ಈಗ ನೂರಾರು ಬಾಣಗಳನ್ನು ಹುಲ್ಲಿನ ಸಿಂಬಿಗೆ ಹೊಡೆದಿದೆ. ಹೆದೆ ಇಳಿಸಿ ನೆಲದ ಮೇಲಿಟ್ಟರೆ ತುದಿಗಳು ಎರಡೂವರೆ ಸೆಂಟಿಮೀಟರ್ ಕೂನಾಗಿವೆ, ಎಡತೋಳು ಸ್ವಲ್ಪ ಹೆಚ್ಚು; ಅಲ್ಲಿ ಒಂದು ಸಂಜೆ ಅವಸರ ಮಾಡಿದ್ದೆ. ಬೆನ್ನು ಉಬ್ಬುತಗ್ಗಾಗಿ, ನೋಡಿದವರು “ಇನ್ನೂ ನುಣುಪು ಮಾಡಿಲ್ಲವೇ?” ಎಂದು ಕೇಳುವಂತಿದೆ. ಅಟ್ಟದ ಮೇಲೆ ಮೂರನೆಯ ಕೋಲು ಒಣಗುತ್ತಿದೆ. ಕಳೆದ ಭಾನುವಾರ 1 ಕೆಜಿ 850 ಗ್ರಾಂ ಇತ್ತು.