ಅನ್ನಕ್ಕೆ ಹೇಳಿದ ಧನ್ಯವಾದ

ವಿಜಯಪುರದ ಶಾಲೆಯೊಂದರ ವಿಜ್ಞಾನ ಪ್ರದರ್ಶನದಲ್ಲಿ ಎರಡು ಡಬ್ಬಿ ಅನ್ನ ಇಟ್ಟಿದ್ದರು. ಒಂದರ ಮೇಲೆ ‘ಧನ್ಯವಾದ’ ಎಂಬ ಚೀಟಿ, ಇನ್ನೊಂದರ ಮೇಲೆ ‘ನೀನು ದಡ್ಡ’ ಎಂಬ ಚೀಟಿ. ಮಕ್ಕಳು ದಿನವೂ ಮುಂದೆ ನಿಂತು ಅದನ್ನೇ ಹೇಳಿದ್ದರಂತೆ. ಬೈಸಿಕೊಂಡ ಅನ್ನಕ್ಕೆ ಕಪ್ಪು ಬೂಷ್ಟು ಹಿಡಿದಿತ್ತು, ಇನ್ನೊಂದು ಬೆಳ್ಳಗೇ ಇತ್ತು. ಜಪಾನಿನ ಮಸಾರು ಎಮೊಟೊ ಹಬ್ಬಿಸಿದ ಕಲ್ಪನೆ ಇದು. ಬೂಷ್ಟಿನ ಬೀಜಕಗಳಿಗೆ ಕಿವಿಯಿಲ್ಲ, ಕನ್ನಡವಂತೂ ಬರುವುದೇ ಇಲ್ಲ. ಯಾವ ಡಬ್ಬಿಗೆ ಎಷ್ಟು ಬೀಜಕ ಬಿದ್ದವು, ಯಾರ ಬೆರಳು ತಾಗಿತು, ಎಷ್ಟು ತೇವ ಉಳಿಯಿತು ಎಂಬುದಷ್ಟೇ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇಪ್ಪತ್ತಿಪ್ಪತ್ತು ಡಬ್ಬಿ ಇಟ್ಟು, ಯಾವುದಕ್ಕೆ ಏನು ಹೇಳಿದ್ದಾರೆಂದು ತಿಳಿಯದವರಿಂದ ಬೂಷ್ಟು ಅಳೆಸಿದ್ದರೆ ಅದನ್ನು ಪ್ರಯೋಗ ಎನ್ನಬಹುದಿತ್ತು.

ಅನ್ನ ಕೆಟ್ಟಿದ್ದಕ್ಕೆ ನನಗೇನೂ ಬೇಸರವಿಲ್ಲ. ಕೃತಜ್ಞತೆ ಎಂದರೆ ಒಂದು ಮಂತ್ರ, ಬಾಯಿಂದ ಹೊರಟರೆ ಸಾಕು, ಉಳಿದದ್ದು ತಾನೇ ಆಗುತ್ತದೆ ಎಂದು ಮಕ್ಕಳಿಗೆ ಕಲಿಸುತ್ತಿದ್ದೇವಲ್ಲ, ಸಿಟ್ಟು ಬರುವುದು ಅದಕ್ಕೆ. ಮನೆಯಲ್ಲೂ ಇದೇ ಕಥೆ. ಬಂದವರು ಚಾಕೊಲೇಟ್ ಕೊಟ್ಟ ಕೂಡಲೇ ‘ಥ್ಯಾಂಕ್ಯೂ ಹೇಳು’ ಎಂದು ಮಗುವಿನ ಬೆನ್ನಿಗೆ ತಿವಿಯುತ್ತೇವೆ. ಹೇಳದಿದ್ದರೆ ನಮ್ಮ ಮಾನ ಹೋಯಿತು. ಭಾಷಾವಿಜ್ಞಾನಿಗಳು ಐದು ಖಂಡಗಳ ಎಂಟು ಭಾಷೆಗಳಲ್ಲಿ ಜನರ ದಿನನಿತ್ಯದ ಮಾತುಕತೆಯನ್ನು ದಾಖಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಉಪ್ಪು ಕೊಡು, ಬಾಗಿಲು ಹಾಕು ಎಂಬಂಥ ಕೋರಿಕೆಗಳು ಈಡೇರಿದಾಗ ಬಾಯಿಬಿಟ್ಟು ಧನ್ಯವಾದ ಹೇಳಿದ್ದು ಸುಮಾರು ಇಪ್ಪತ್ತಕ್ಕೆ ಒಂದು ಸಲ. ಉಳಿದ ಕಡೆ ಜನ ಕೇಳಿದ್ದನ್ನು ಪಡೆದುಕೊಂಡು ಸುಮ್ಮನೆ ಮುಂದೆ ಹೋಗಿದ್ದರು. ನಮ್ಮ ಅಜ್ಜಿಯರೂ ಹಾಗೆಯೇ ಇದ್ದರು. ಅವರನ್ನು ಕೃತಘ್ನರೆಂದು ಯಾರೂ ಕರೆಯಲಿಲ್ಲ.

ತೊಡಕು ಇರುವುದು ಮಿದುಳು ಲೆಕ್ಕ ಇಡುವ ರೀತಿಯಲ್ಲಿ. ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಮಿದುಳಿಗೆ ಕೂದಲೆಳೆಯಷ್ಟು ಸಣ್ಣ ತಂತಿ ಇಳಿಸಿ ಡೋಪಮೈನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳ ಮಿಡಿತವನ್ನು ಆಲಿಸಿದರು. ಕೋತಿಯ ಬಾಯಿಗೆ ಅನಿರೀಕ್ಷಿತವಾಗಿ ಹಣ್ಣಿನ ರಸ ಬಿದ್ದಾಗ ಅವು ಚುರುಕಾದವು. ದೀಪ ಬೆಳಗಿದ ಮೇಲೆ ರಸ ಬರುತ್ತದೆ ಎಂಬುದು ರೂಢಿಯಾದ ಮೇಲೆ ದೀಪಕ್ಕೆ ಮಾತ್ರ ಮಿಡಿದು, ರಸ ಬಂದಾಗ ತಣ್ಣಗಿದ್ದವು. ದೀಪ ಬೆಳಗಿಯೂ ರಸ ಬರದಿದ್ದರೆ, ಅದು ಬರಬೇಕಾದ ಗಳಿಗೆಯಲ್ಲೇ ಮಿಡಿತ ಕುಸಿಯಿತು. ಶುಲ್ಟ್ಸ್, ಪೀಟರ್ ದಯಾನ್ ಮತ್ತು ರೀಡ್ ಮಾಂಟೇಗ್ 1997ರಲ್ಲಿ ಇದಕ್ಕೊಂದು ಗಣಿತದ ರೂಪ ಕೊಟ್ಟರು: ಈ ಕೋಶಗಳು ಹೇಳುವುದು ಸಿಕ್ಕಿದ್ದು ಎಷ್ಟು ಎಂಬುದನ್ನಲ್ಲ, ಸಿಕ್ಕಿದ್ದಕ್ಕೂ ನಿರೀಕ್ಷಿಸಿದ್ದಕ್ಕೂ ಇರುವ ಅಂತರವನ್ನು. ಅಡತಿ ಅಂಗಡಿಯ ಹಳೆಯ ಗುಮಾಸ್ತ ಹೀಗೆಯೇ. ಬರಬೇಕಾದ ಚೀಲ ಬಂದರೆ ಪೆನ್ನು ಎತ್ತುವುದಿಲ್ಲ. ಒಂದು ಹೆಚ್ಚು ಬಂದರೆ ಹುಬ್ಬೇರಿಸುತ್ತಾನೆ, ಒಂದು ಕಡಿಮೆಯಾದರೆ ಇಡೀ ಓಣಿಗೆ ಕೇಳುವಂತೆ ಕೂಗುತ್ತಾನೆ. ವರ್ಷವಿಡೀ ಸರಿಯಾಗಿ ಚೀಲ ತಂದ ಗಾಡಿಯವನ ಹೆಸರು ಅವನ ವಹಿಯಲ್ಲಿ ಎಲ್ಲೂ ಇರುವುದಿಲ್ಲ.

ಡೋಪಮೈನ್ ಎಂದರೆ ಕೃತಜ್ಞತೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ಆದರೆ ಗಮನಕ್ಕೇ ಬಾರದ್ದಕ್ಕೆ ಮಗು ಕೃತಜ್ಞವಾಗುವುದು ಹೇಗೆ? ದಿನವೂ ಹೊತ್ತಿಗೆ ಸರಿಯಾಗಿ ತಟ್ಟೆಗೆ ಬೀಳುವ ರೊಟ್ಟಿ ಆ ವಹಿಯಲ್ಲಿ ಸೊನ್ನೆ. ರೊಟ್ಟಿಯ ಬದಲು ಉಪ್ಪಿಟ್ಟು ಬಂದ ದಿನ ಮಾತ್ರ ರಾದ್ಧಾಂತ.

ದೊಡ್ಡವರ ಕಣ್ಣೂ ಇಷ್ಟೇ. 1651ರಲ್ಲಿ ವಿಜಯಪುರದ ಸುಲ್ತಾನ ಮುಹಮ್ಮದ್ ಆದಿಲ್ ಶಾಹ ಬೇಗಂ ತಾಲಾಬ್ ಎಂಬ ಕೆರೆ ಕಟ್ಟಿಸಿ, ನೆಲದೊಳಗೆ ಮಣ್ಣಿನ ಕೊಳವೆ ಹೂಳಿಸಿ ಊರಿಗೆ ನೀರು ತಂದ. ಕೊಳವೆಯಲ್ಲಿ ಒತ್ತಡ ಹೆಚ್ಚಿ ಒಡೆಯದಿರಲೆಂದು ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಕಟ್ಟಿಸಿದ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಕೂಗಿ ಬರುವ ಪ್ರವಾಸಿಗರು ಈ ಗೋಪುರಗಳತ್ತ ತಲೆ ಎತ್ತಿಯೂ ನೋಡುವುದಿಲ್ಲ. ನನ್ನನ್ನು ಕೇಳಿದರೆ ಗುಮ್ಮಟಕ್ಕಿಂತ ದೊಡ್ಡ ಜಾಣತನ ಇರುವುದು ಈ ಮೋಟು ಗೋಪುರಗಳಲ್ಲಿ. ಇರಲಿ.

ಕೃತಜ್ಞತೆ ಯಾವಾಗ ಹುಟ್ಟುತ್ತದೆ ಎಂಬುದನ್ನು ಮನೋವಿಜ್ಞಾನಿ ಅಬ್ರಹಾಂ ಟೆಸ್ಸರ್ ಮತ್ತು ಸಂಗಡಿಗರು 1968ರಲ್ಲೇ ಪರೀಕ್ಷಿಸಿದ್ದರು. ಕೊಟ್ಟವರು ಬೇಕೆಂದೇ ಕೊಟ್ಟರೇ, ಅವರಿಗೆ ಎಷ್ಟು ಕಷ್ಟವಾಯಿತು, ಪಡೆದವರಿಗೆ ಎಷ್ಟು ಉಪಯೋಗವಾಯಿತು ಎಂಬ ಮೂರೂ ಅರಿವಾದಷ್ಟು ಭಾವ ಗಟ್ಟಿಯಾಗುತ್ತದೆ. 2014ರಲ್ಲಿ ಜೆಫ್ರಿ ಫ್ರೋ ತಂಡ ಅಮೆರಿಕದ 8ರಿಂದ 11 ವರ್ಷದ ಶಾಲಾಮಕ್ಕಳಿಗೆ ಈ ಮೂರನ್ನೇ ಪಾಠ ಮಾಡಿತು. ಆ ಮಕ್ಕಳು ಪಾಲಕ-ಶಿಕ್ಷಕರ ಸಂಘಕ್ಕೆ ಉಳಿದವರಿಗಿಂತ ಹೆಚ್ಚು ಧನ್ಯವಾದದ ಕಾರ್ಡುಗಳನ್ನು ಬರೆದರು. ಬರೆಯಿರಿ ಎಂದು ಯಾರೂ ಒತ್ತಾಯಿಸಿರಲಿಲ್ಲ.

ನಮ್ಮಲ್ಲಿ ಇದಕ್ಕೆ ಪಾಠದ ಪುಸ್ತಕ ಬೇಕಿಲ್ಲ, ಹಿಟ್ಟು ನಾದುವ ಕೊಣಮಿಗೆ ಸಾಕು. ರಜೆಯ ದಿನ ಮಗಳನ್ನೋ ಮಗನನ್ನೋ ಕರೆದು ಒಂದು ರೊಟ್ಟಿ ತಟ್ಟಲು ಹೇಳಿ. ಗೋಧಿಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿ ಇಲ್ಲ. ಕುದಿಯುವ ನೀರು ಬಿದ್ದಾಗ ಪಿಷ್ಟ ಉಬ್ಬಿ ಅಂಟಾಗುತ್ತದೆ, ರೊಟ್ಟಿ ನಿಲ್ಲುವುದು ಆ ಅಂಟಿನ ಮೇಲೆ. ನಾದುವುದು ಸಾಲದಿದ್ದರೆ ಅಂಚು ಬಿರಿಯುತ್ತದೆ. ಅಂಗೈ ಒಂದೇ ಕಡೆ ಒತ್ತಿದರೆ ರೊಟ್ಟಿ ತಿರುಗುವುದಿಲ್ಲ, ಎತ್ತಿದರೆ ನಡುವೆ ಹರಿಯುತ್ತದೆ. ಹೇಗೋ ಹಂಚಿಗೆ ಹಾಕಿದರೆ, ಮೇಲೆ ನೀರಿನ ಬಟ್ಟೆ ಸವರುವಾಗ ಹಬೆ ಬೆರಳಿಗೆ ತಾಗುತ್ತದೆ. ಅಷ್ಟು ಹೊತ್ತಿಗೆ ಪಕ್ಕದಲ್ಲಿ ಅವ್ವ ಮೂರು ರೊಟ್ಟಿ ತೆಗೆದಿರುತ್ತಾಳೆ. ಸೊನ್ನೆಯಾಗಿದ್ದ ಲೆಕ್ಕ ಅಲ್ಲಿಗೆ ಬದಲಾಗುತ್ತದೆ, ಭಾಷಣದ ಗರಜು ಬೀಳುವುದಿಲ್ಲ.

ಭಾಷಣ ಮಾಡಿದರೆ ಕೆಡುತ್ತದೆ ಕೂಡ. ‘ನಿನಗಾಗಿ ಎಷ್ಟು ಕಷ್ಟಪಡುತ್ತೇವೆ ಗೊತ್ತಾ, ನಾಳೆ ನಮ್ಮನ್ನು ನೋಡಿಕೊಳ್ಳಬೇಕು’ ಎಂಬ ಮಾತು ಎಷ್ಟು ಮನೆಗಳಲ್ಲಿಲ್ಲ? ಫಿಲಿಪ್ ವಾಟ್ಕಿನ್ಸ್ ಮತ್ತು ಜೊತೆಗಾರರು 2006ರಲ್ಲಿ ತೋರಿಸಿದಂತೆ, ಕೊಟ್ಟವರು ಮರಳಿ ಬಯಸುತ್ತಾರೆ ಎಂದು ತಿಳಿದಷ್ಟೂ ಪಡೆದವರಲ್ಲಿ ಸಾಲದ ಭಾವ ಏರುತ್ತದೆ, ಕೃತಜ್ಞತೆ ಇಳಿಯುತ್ತದೆ. ಸಾಲಗಾರನಿಗೆ ಸಾಹುಕಾರನ ಮೇಲೆ ಪ್ರೀತಿ ಹುಟ್ಟಿದ್ದನ್ನು ನಾನಂತೂ ನೋಡಿಲ್ಲ. ಅನ್ನ ಚೆಲ್ಲಿದರೆ ಲಕ್ಷ್ಮಿ ಮುನಿಯುತ್ತಾಳೆ ಎಂದು ಹೆದರಿಸುವುದೂ ಇದೇ ಜಾತಿಯದು. ಮಗು ಅನ್ನ ಚೆಲ್ಲುವುದನ್ನು ಬಿಟ್ಟೀತು. ಬೆಳೆದವರು ಯಾರು, ಬೇಯಿಸಿದವರು ಯಾರು ಎಂಬುದು ಅದರ ತಲೆಗೆ ಹೋಗುವುದಿಲ್ಲ.

ಬಿಡುವೇ ಇಲ್ಲ ಎನ್ನುವ ತಾಯಿತಂದೆಯರಿಗೆ ಒಂದು ಒಳ್ಳೆಯ ಸುದ್ದಿ. ಸೋನ್ಯಾ ಲ್ಯುಬೊಮಿರ್ಸ್ಕಿ ತಂಡದ 2005ರ ವರದಿಯ ಪ್ರಕಾರ, ಸಿಕ್ಕ ಒಳ್ಳೆಯದನ್ನು ವಾರಕ್ಕೊಮ್ಮೆ ನೆನೆದು ಬರೆದವರಿಗೆ ನೆಮ್ಮದಿ ಹೆಚ್ಚಿತು, ಮೂರು ಸಲ ಬರೆದವರಿಗೆ ಹೆಚ್ಚಲಿಲ್ಲ. ನೆನೆಯುವುದು ಕೂಡ ರೂಢಿಗೆ ಬಿದ್ದು ಸಪ್ಪೆಯಾಗುತ್ತದೆ ಎಂದು ಕಾಣುತ್ತದೆ. ದಿನವೂ ಮಲಗುವ ಮುನ್ನ ಡೈರಿ ಬರೆಸುವ ಶಿಕ್ಷೆಯನ್ನು ಕೈಬಿಡಬಹುದು.

ವಯಸ್ಸನ್ನೂ ನೋಡಬೇಕು. ಇನ್ನೊಬ್ಬರ ಮನಸ್ಸಿನಲ್ಲಿರುವುದು ತನ್ನ ಮನಸ್ಸಿನಲ್ಲಿರುವುದಕ್ಕಿಂತ ಬೇರೆ ಎಂಬುದು ಮಕ್ಕಳಿಗೆ ತಿಳಿಯುವುದೇ ನಾಲ್ಕು ವರ್ಷದ ಸುಮಾರಿಗೆ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಫ್ರಾನ್ಸಿಸ್ಕಾ ಬೌಮ್‌ಗಾರ್ಟನ್-ಟ್ರಾಮರ್ 7ರಿಂದ 15 ವರ್ಷದವರನ್ನು ಕೇಳಿದ್ದರು: ನಿನ್ನ ದೊಡ್ಡ ಆಸೆಯನ್ನು ಈಡೇರಿಸಿದವರಿಗೆ ಏನು ಮಾಡುತ್ತೀಯ? 1938ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಚಿಕ್ಕವರು ತಮಗೆ ಇಷ್ಟವಾದ ವಸ್ತುವನ್ನೇ ಕೊಡಲು ಹೊರಟಿದ್ದರು. ಕೊಟ್ಟವರಿಗೆ ಏನು ಬೇಕು ಎಂಬ ಯೋಚನೆ ಬೆಳೆದಂತೆ ಬಂತು. ಆದ್ದರಿಂದ ಸಂಕ್ರಾಂತಿಯ ದಿನ ಹೊಸ ಅಂಗಿ ತಂದುಕೊಟ್ಟ ಕಾಕಾನ ಕೈಗೆ ಚಿಕ್ಕ ಹುಡುಗ ತನ್ನ ಜೇಬಿನ ಅಂಟಂಟು ಕುಸುರೆಳ್ಳು ಹಾಕಿ ಓಡಿದರೆ, ಬೆನ್ನಟ್ಟಿ ಥ್ಯಾಂಕ್ಯೂ ಹೇಳಿಸಬೇಕಿಲ್ಲ, ಅವನು ಹೇಳಿಯಾಗಿದೆ.